ದಪ್ಪ ದನಿಯ ಪೆಟ್ಟಿಗೆ

ನಮ್ಮೂರಿನ ದೊಡ್ಡ ಬೀದಿ ನೀರಿನ ಟ್ಯಾಂಕಿನ ಹತ್ತಿರ ಶುರುವಾಗಿ ರೇವಮ್ಮ ಮೇಡಂ ಮನೆಯ ಬಾಗಿಲಲ್ಲಿ ಮುಗಿಯುತ್ತದೆ. ಟ್ಯಾಂಕಿನ ಪಕ್ಕದ ಮನೆ ನಮ್ಮದು. ನಮ್ಮ ಜಗಲಿಯಿಂದ ಒಂದು ನಿಂಬೆಹಣ್ಣು ಉರುಳಿಸಿದರೆ ಅದು ಎಲ್ಲೂ ನಿಲ್ಲದೆ ಮೇಡಂ ಮನೆ ಮುಂದೆ ಹೋಗಿ ನಿಲ್ಲುತ್ತದೆ, ಅಷ್ಟು ಇಳಿಜಾರು. ನಮ್ಮಲ್ಲಿ ಶಬ್ದವೂ ಹಾಗೆಯೇ. ತೆಳು ಶಬ್ದಗಳು, ಅಂದರೆ ಬಳೆ, ಗಿಣಿ, ಕುಕ್ಕರಿನ ಸೀಟಿ, ಮಕ್ಕಳ ಕೂಗಾಟ, ಇವೆಲ್ಲ ಹುಟ್ಟಿದ ಜಾಗದಲ್ಲೇ ಗಾಳಿಯಲ್ಲಿರುತ್ತವೆ. ದಪ್ಪ ಶಬ್ದಗಳು ಮಾತ್ರ ನೆಲಕ್ಕಿಳಿದು ನೀರಿನಂತೆ ತಗ್ಗಿನ ಕಡೆ ಹರಿದುಬಿಡುತ್ತವೆ. ಮಳೆಗಾಲದಲ್ಲಿ ಗುಡುಗಿದರೆ ಮೇಲಿನ ಮನೆಗಳವರಿಗೆ ಕಡ್ಲೆ ಹುರಿದ ಹಾಗೆ ಚಟಪಟ ಕೇಳುತ್ತದೆ. ಕೆಳಗಿನವರಿಗೆ ಸ್ವಲ್ಪ ತಡವಾಗಿ, ಗೋಡೆಗೆ ತೂಗುಹಾಕಿದ ಕ್ಯಾಲೆಂಡರು ಅಲ್ಲಾಡುವಷ್ಟು ಗುಡುಗು ಬಂದು ತಲುಪುತ್ತದೆ.

ಅದಕ್ಕೆ ತಕ್ಕ ಹಾಗೆ ನಾವು ಬದುಕಿಕೊಂಡಿದ್ದೇವೆ. ಮದುವೆ ಇದ್ದರೆ ಡೋಲಿನವರನ್ನು ಚಪ್ಪರಕ್ಕಿಂತ ನಾಲ್ಕು ಮನೆ ಮೇಲೆ ಕೂರಿಸುತ್ತೇವೆ, ಏಟು ಹರಿದು ಬಂದು ಸರಿಯಾಗಿ ಚಪ್ಪರದೊಳಗೆ ಬೀಳಲಿ ಅಂತ. ಹರಿದು ಬರುವ ಶಬ್ದ ಒಳಗೆ ನುಗ್ಗದಿರಲಿ ಅಂತ ಬೀದಿಯ ಮನೆಗಳಿಗೆಲ್ಲ ಮೊಣಕಾಲೆತ್ತರದ ಹೊಸ್ತಿಲು. ಹೊಸದಾಗಿ ಬಂದ ಸೊಸೆಯಂದಿರು ಮೊದಲ ತಿಂಗಳು ಎಡವುತ್ತಾರೆ, ಆಮೇಲೆ ಕಾಲು ತಾನಾಗಿ ಎತ್ತಿಕೊಳ್ಳುತ್ತದೆ. ನಮ್ಮ ಮನೆಗಿಂತ ಮೇಲೆ ಮನೆಯೇ ಇಲ್ಲವಾದ್ದರಿಂದ ನಮ್ಮ ತಾತ ಹೊಸ್ತಿಲು ಎತ್ತರಿಸುವ ಗೋಜಿಗೆ ಹೋಗಿರಲಿಲ್ಲ. ಇನ್ನು ಊರಿನ ದಪ್ಪ ಶಬ್ದವೆಲ್ಲ ಕೊನೆಗೆ ಸೇರುವುದು ರೇವಮ್ಮ ಮೇಡಂ ಮನೆಗೆ. ಹಿಟ್ಟಿನ ಗಿರಣಿ, ಕಲ್ಲಿನ ಲಾರಿ, ಡೋಲು, ಗುಡುಗು, ಎಲ್ಲ ಅವರ ಅಂಗಳದಲ್ಲಿ ನಿಂತು, ಹಿತ್ತಿಲ ಹಾಳುಬಾವಿಯಲ್ಲಿ ನಿಧಾನಕ್ಕೆ ಇಂಗಬೇಕು. ಮೇಡಂ ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದವರು, ಒಬ್ಬರೇ ಇರುತ್ತಾರೆ. ಹಾಗಾಗಿ ಊರಲ್ಲಿ ಯಾರೇ ದೊಡ್ಡ ಶಬ್ದ ಮಾಡುವುದಿದ್ದರೂ ಮೊದಲು ಕೆಳಗಿಳಿದು ಹೋಗಿ, ಅವರ ಕಟ್ಟೆಯ ಮೇಲೆ ಎಲೆಯಡಿಕೆ ಇಟ್ಟು, ಏನು, ಯಾಕೆ, ಎಷ್ಟು ಹೊತ್ತು ಎಂದು ಹೇಳಿ ಬರಬೇಕು. ಅವರು ಬೇಡ ಎಂದದ್ದನ್ನು ನಾನು ಕೇಳಿಲ್ಲ. ಆದರೆ ಹೇಳದೆ ಮಾಡಿದವರನ್ನೂ ನೋಡಿರಲಿಲ್ಲ.

ನನ್ನದು ಹಾಸಿಗೆ ಅಂಗಡಿ. ಹತ್ತಿ ಹಿಂಜಿಸಿ ಹಾಸಿಗೆ, ದಿಂಬು ಹೊಲಿದು ಕೊಡುತ್ತೇನೆ. ಹೆಂಡತಿ ಸುಗುಣ ಮನೆಯ ಮುಂದಿನ ಕೋಣೆಯಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕ್ಲಾಸು ನಡೆಸುತ್ತಾಳೆ. ನಮಗೆ ಮಕ್ಕಳಿಲ್ಲ. ಇಬ್ಬರಿಗೂ ಇರುವ ಒಂದೇ ಹುಚ್ಚು ಸಿನಿಮಾ. ಊರಿನ ಟಾಕೀಸು ಮುಚ್ಚಿದ ಮೇಲೆ ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಮನೆಯ ಟಿವಿಯಲ್ಲೇ ನೋಡುತ್ತಿದ್ದೆವು. ಸಿನಿಮಾ ನಡೆಯುವಾಗ ಯಾರಾದರೂ ಮಾತಾಡಿದರೆ ಸುಗುಣನಿಗೆ ಆಗದು. ನಾನು ಕೆಮ್ಮಿದರೂ ತಿರುಗಿ ನೋಡುವಳು. ಹಾಸ್ಯದ ದೃಶ್ಯ ಬಂದರೆ ನನಗಿಂತ ಮೊದಲು ಅವಳೇ ನಗುವಳು, ಮಾತು ಮುಗಿಯುವ ಮುಂಚೆಯೇ.

ಹೋದ ವರ್ಷ ಆ ನಗು ತಡವಾಗತೊಡಗಿತು. ನಾನು ನಕ್ಕ ಮೇಲೆ ಅವಳು ನಗುತ್ತಿದ್ದಳು. ಮೊದಮೊದಲು ನನಗೆ ಅದು ಗೊತ್ತೇ ಆಗಲಿಲ್ಲ. ಒಂದು ಭಾನುವಾರ ಸುಮ್ಮನೆ ಅವಳ ಕಡೆ ತಿರುಗಿದೆ. ಅವಳು ಟಿವಿಯನ್ನಲ್ಲ, ನನ್ನ ಮುಖವನ್ನು ನೋಡುತ್ತಿದ್ದಳು. ಯಾವಾಗ ನಗಬೇಕು ಎಂದು ಕಾಯುತ್ತಿದ್ದಳು. ಆ ವಾರವೇ ಕುಕ್ಕರು ಸೀಟಿ ಹಾಕಿ ಹಾಕಿ ನೀರು ಬತ್ತಿ ಬೇಳೆ ಕರಕಲಾಯಿತು. ಅವಳು ಪಕ್ಕದಲ್ಲೇ ನಿಂತು ಸೊಪ್ಪು ಬಿಡಿಸುತ್ತಿದ್ದಳು.

ಪಟ್ಟಣದ ಕಿವಿ ಡಾಕ್ಟರು ತಪಾಸಣೆ ಮಾಡಿ, ತೆಳು ಶಬ್ದಗಳು ಹೋಗಿವೆ, ಇನ್ನು ವಾಪಸು ಬರುವುದಿಲ್ಲ, ಆದರೆ ದಪ್ಪ ಶಬ್ದಗಳ ಮಟ್ಟಿಗೆ ಕಿವಿ ಎಳೆಯವರ ಕಿವಿಯಂತೆ ಗಟ್ಟಿಯಾಗಿದೆ ಎಂದರು. ಅದು ಅವರಿಗೆ ಒಳ್ಳೆಯ ಸುದ್ದಿಯಾಗಿ ಕಂಡಿರಬೇಕು. ನಮ್ಮ ಮನೆ ಎಲ್ಲಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ಕಿವಿಗೆ ಹಾಕುವ ಮಷಿನ್ನು ಕೊಟ್ಟರು. ಅದನ್ನು ಹಾಕಿಕೊಂಡರೆ ಕತ್ತರಿ ಮೇಜಿನ ಮೇಲಿಟ್ಟ ಸದ್ದು ತಲೆಯ ಒಳಗೇ ಇಟ್ಟ ಹಾಗಾಗುತ್ತದೆ ಎಂದು ಸುಗುಣ ಎರಡೇ ವಾರಕ್ಕೆ ತೆಗೆದಿಟ್ಟಳು. ಬಸ್ಸಿಳಿದು ಮನೆಗೆ ಬರುವಾಗಲೇ ಒಂದು ಮಾತು ಹೇಳಿದ್ದಳು.

"ಯಾರಿಗೂ ಹೇಳ್ಬೇಡಿ. ಕ್ಲಾಸಿನ ಹುಡುಗೀರಿಗೆ ಗೊತ್ತಾದ್ರೆ ನನ್ನ ಬೆನ್ನ ಹಿಂದೇನೇ ಮಾತಾಡ್ಕೋತಾವೆ."

ನಾನು ಹೇಳುವುದಿಲ್ಲ ಎಂದೆ.

ಸಬ್‌ವೂಫರ್ ಕಟ್ಟುವ ಯೋಚನೆ ಬಂದದ್ದು ಅಂಗಡಿಯಲ್ಲಿ ಕೂತು ಫೋನಿನಲ್ಲಿ ವಿಡಿಯೋ ನೋಡುವಾಗ. ಭಾಷೆ ತಿಳಿಯದ ಒಬ್ಬ ಟೋಪಿಯವನು ಮರದ ಪೆಟ್ಟಿಗೆಯೊಂದನ್ನು ಮಾಡಿ, ಅದರ ಬಾಯಿಗೆ ದೊಡ್ಡ ಸ್ಪೀಕರು ಕೂರಿಸಿ ಸಿನಿಮಾ ಹಾಕಿದ. ಅವನ ಮೇಜಿನ ಮೇಲಿನ ಲೋಟದ ನೀರು ಕುಣಿಯಿತು. ದಪ್ಪ ಶಬ್ದ ಮಾತ್ರ ಹೊರಡಿಸುವ ಪೆಟ್ಟಿಗೆ ಅದು. ಸುಗುಣನಿಗೆ ಕೇಳುವುದು ದಪ್ಪ ಶಬ್ದ. ನಮ್ಮ ಮನೆಯಲ್ಲಿ ನಿಲ್ಲದೇ ಇರುವುದೂ ಅದೇ. ನಿಲ್ಲುವುದಿಲ್ಲವಾದರೆ ಹರಿದು ಮುಗಿಯದಷ್ಟು ಸುರಿದರಾಯಿತು ಎಂದುಕೊಂಡೆ. ಹರಿಯುವ ನೀರಲ್ಲೂ ನಲ್ಲಿ ಪೂರ್ತಿ ತಿರುಗಿಸಿದರೆ ಕಾಲಾದರೂ ತೊಯ್ಯುತ್ತದಲ್ಲ.

ಹಳೆಯ ಆರ್ಕೆಸ್ಟ್ರಾದವರೊಬ್ಬರು ಹನ್ನೆರಡು ಇಂಚಿನ ಸ್ಪೀಕರೊಂದನ್ನು ಅಟ್ಟದ ಮೇಲೆ ಹಾಕಿಟ್ಟಿದ್ದರು, ಅದನ್ನು ತಂದೆ. ಆಂಪ್ಲಿಫಯರ್ ಪಾರ್ಸೆಲ್ಲಿನಲ್ಲಿ ಬಂತು. ಪೆಟ್ಟಿಗೆಗೆ ಬಡಗಿ ಮೌನೇಶಾಚಾರ್ರನ್ನು ಹಿಡಿದೆ. ಕ್ಯಾಸೆಟ್ಟಿನ ಕಾಲದಿಂದಲೂ ನನ್ನ ಸ್ನೇಹಿತರು. ಟೋಪಿಯವನು ಪೆಟ್ಟಿಗೆಯ ಒಳಗಿನ ಜಾಗವನ್ನು ಲೀಟರಿನಲ್ಲಿ ಹೇಳಿದ್ದ. ಮರದ ಪೆಟ್ಟಿಗೆಗೆ ಲೀಟರು ಎಂದರೆ ಆಚಾರ್ರಿಗೂ ನನಗೂ ತಲೆಗೆ ಹೋಗಲಿಲ್ಲ. ಕೊನೆಗೆ ನಾನು ಒಂದು ಕೊಡದಲ್ಲಿ ಹತ್ತಿ ತುಂಬಿ ಅಂದಾಜು ಮಾಡಿ, ಎರಡು ದೊಡ್ಡ ದಿಂಬು, ಒಂದು ಲೋಡು ಹಿಡಿಸುವಷ್ಟು ಎಂದೆ. ಆಚಾರ್ರಿಗೆ ಆ ಲೆಕ್ಕ ಒಪ್ಪಿಗೆಯಾಯಿತು. ಮುಕ್ಕಾಲು ಇಂಚಿನ ಪ್ಲೈವುಡ್ಡನ್ನು ಕೊಯ್ದು, ಒಳಮೂಲೆಗಳಿಗೆ ಮರದ ರೀಪಿನ ತುಂಡು ಕೊಟ್ಟು, ಗೋಂದು ಬಳಿದು ಸ್ಕ್ರೂ ಹಾಕಿದರು. ಇಷ್ಟು ಗಟ್ಟಿ ಪೆಟ್ಟಿಗೆಯಲ್ಲಿ ರಾಗಿ ಹಾಕಿಟ್ಟರೆ ಇಲಿಯ ಅಪ್ಪನೂ ಬರೋದಿಲ್ಲ ಎಂದು ಹೆಮ್ಮೆಪಟ್ಟರು. ಮುಂದಿನ ಹಲಗೆಯಲ್ಲಿ ಸ್ಪೀಕರಿಗೊಂದು ತೂತು, ಪಕ್ಕದಲ್ಲಿ ಗಾಳಿಯಾಡಲು ಪ್ಲಾಸ್ಟಿಕ್ ಪೈಪಿಗೊಂದು ತೂತು ಕೊರೆಯಿರಿ ಎಂದಾಗ ಮಾತ್ರ ಅವರ ಮುಖ ಸಪ್ಪಗಾಯಿತು. ಬಿರುಕಿಲ್ಲದ ಹಾಗೆ ಮಾಡಿಸಿಕೊಂಡು ಕೊನೆಗೆ ತೂತು ಕೊರೆಸುವವನನ್ನು ಅವರು ಮೊದಲ ಸಲ ನೋಡಿದ್ದಂತೆ.

ಪೆಟ್ಟಿಗೆಯ ವಿಷಯ ನಾನು ಸುಗುಣನಿಂದ ಮುಚ್ಚಿಡಲಿಲ್ಲ. ಪೆಟ್ಟಿಗೆ ಹಿತ್ತಿಲಲ್ಲೇ ತಯಾರಾಗುತ್ತಿತ್ತು, ಅವಳೇ ಕಾಫಿ ತಂದುಕೊಡುತ್ತಿದ್ದಳು. ಯಾಕೆಂದು ಆಚಾರ್ರು ಕೇಳಿದ್ದಕ್ಕೆ, ಟಾಕೀಸಿನ ಮಜಾ ಮನೆಯಲ್ಲೇ ಬರಲಿ ಅಂತ ಎಂದೆ. ಸುಗುಣ ಮಾತ್ರ ಒಂದು ಪ್ರಶ್ನೆ ಕೇಳಿದಳು, ಮೇಡಂಗೆ ಹೇಳಿದ್ರಾ ಎಂದು. ಹೇಳಿದ್ದೇನೆ ಎಂದು ಸುಳ್ಳು ಹೇಳಿದೆ. ಎಲೆಯಡಿಕೆ ಇಟ್ಟರೆ ಯಾಕೆ ಎನ್ನುವುದನ್ನೂ ಹೇಳಬೇಕು. ಹೇಳಿದರೆ ಬಸ್ಸಿಳಿದು ಬರುವಾಗ ಕೊಟ್ಟ ಮಾತು ಮುರಿಯುತ್ತದೆ. ಮೇಡಂ ಎದುರು ಬಾಯಿಗೆ ಬಂದ ಕಾರಣ ಹೇಳುವ ಧೈರ್ಯ ನನಗಿರಲಿಲ್ಲ.

ಮೊದಲ ಸಲ ಹಾಕಿದಾಗ ಪೆಟ್ಟಿಗೆ ನೆಗಡಿಯಾದವರ ಹಾಗೆ ಫುಸ್ ಫುಸ್ ಎಂದಿತು. ಎಲ್ಲೋ ಗಾಳಿ ಸೋರುತ್ತಿದೆ ಎಂದು ಗೊತ್ತಾಯಿತು. ಊದುಬತ್ತಿ ಹಚ್ಚಿ ಸಂದುಗಳ ಉದ್ದಕ್ಕೂ ಹಿಡಿದುಕೊಂಡು ಬಂದೆ. ಹಿಂಬದಿಯ ಎಡಮೂಲೆಯಲ್ಲಿ ಹೊಗೆ ಬೆದರಿ ಪಕ್ಕಕ್ಕೆ ವಾಲಿತು. ಆಚಾರ್ರು ನಂಬದೆ ಊದುಬತ್ತಿ ಕಿತ್ತುಕೊಂಡು ತಾವೇ ಹಿಡಿದು ನೋಡಿದರು, ಆಮೇಲೆ ಮರದ ಪುಡಿಗೆ ಗೋಂದು ಕಲಸಿ ಮೆತ್ತಿದರು. ಒಳಗೋಡೆಗೆಲ್ಲ ನಾನು ತೆಳ್ಳಗೆ ಹತ್ತಿ ಹಾಸಿ, ಜಾರದಂತೆ ಬಲೆಬಟ್ಟೆ ಬಿಗಿದೆ. ಆ ಕೆಲಸ ಸುಗುಣನೂ ಮಾಡಿದಳು. ಪೆಟ್ಟಿಗೆಯೊಳಗೆ ತಲೆ ಹಾಕಿ ಹೊಲಿಗೆ ಹಾಕುತ್ತ, ಪೆಟ್ಟಿಗೆಗೂ ಒಂದು ಹಾಸಿಗೆ ಮಾಡಿಕೊಟ್ಟಿರಿ ಎಂದು ಒಳಗಿಂದಲೇ ನಕ್ಕಳು. ಪೈಪನ್ನು ಸ್ವಲ್ಪ ಸ್ವಲ್ಪವೇ ಕೊಯ್ದು ಉದ್ದ ಸರಿಮಾಡಿದೆವು. ಕೊನೆಗೆ ಒಂದು ಸಂಜೆ ಪೈಪಿನ ಬಾಯಿಗೆ ಕೈಯಿಟ್ಟರೆ ದನ ಉಸಿರು ಬಿಟ್ಟ ಹಾಗೆ ಬೆಚ್ಚನೆಯ ಗಾಳಿ ಬಂತು.

ಆ ಭಾನುವಾರ ಕುದುರೆ ಏರಿ ಬರುವ ದರೋಡೆಕೋರರ ಸಿನಿಮಾ ಹಾಕಿದೆ. ಕುದುರೆಗಳು ಓಡುವ ದೃಶ್ಯ ಬಂದಾಗ ಸ್ಪೀಕರಿನ ಕಾಗದ ಎದೆಯಂತೆ ಏರಿಳಿಯುತ್ತಿರುವುದು ಕಣ್ಣಿಗೆ ಕಾಣುತ್ತಿತ್ತು, ಕಿವಿಗೆ ಮಾತ್ರ ಏನೂ ಇಲ್ಲ. ಪಾದದ ಹತ್ತಿರ ಏನೋ ಸುಳಿದ ಹಾಗಾಗಿ ಬಾಗಿಲ ಕಡೆ ಹೋಯಿತು, ಅಷ್ಟೆ. ಸ್ವಲ್ಪ ಹೊತ್ತಿಗೆ ಬೀದಿಯಲ್ಲಿ ಕೆಳಗೆ ಕೆಳಗೆ ನಾಯಿಗಳು ಒಂದೊಂದಾಗಿ ಬೊಗಳುತ್ತಾ ಹೋದವು. ಸುಗುಣ ನನ್ನ ತೊಡೆ ತಟ್ಟಿ, ಪೆಟ್ಟಿಗೆ ನೋಡೋಕೆ ಚೆನ್ನಾಗಿದೆ ಎಂದಳು. ಅವಳ ಆ ಸಮಾಧಾನ ನನಗೆ ತಡೆಯಲಾಗಲಿಲ್ಲ.

ಮಾರನೆಯ ದಿನ ಇಟ್ಟಿಗೆ ತಂದು ಹೊಸ್ತಿಲನ್ನು ತೊಡೆಯೆತ್ತರಕ್ಕೆ ಏರಿಸಿದೆ. ಬಚ್ಚಲ ತೂಬಿಗೆ ಹಳೆ ಗೋಣಿ ತುರುಕಿದೆ. ಬಾಗಿಲಿನ ಸಂದಿಗೆ ಹೊಂದುವ ಹಾಗೆ ಬಾಗಿಲಗಲದ ಲೋಡು ಹೊಲಿದೆ. ಕಿಟಕಿಗಳು ಎತ್ತರದಲ್ಲಿದ್ದವು, ಅವುಗಳ ಚಿಂತೆ ಇರಲಿಲ್ಲ. ಮುಂದಿನ ಭಾನುವಾರ ಬಾಗಿಲು ಹಾಕಿ, ಲೋಡು ಒತ್ತಿ, ಅದೇ ಸಿನಿಮಾ ಹಾಕಿದೆ. ಶಬ್ದ ಹೋಗಲು ದಾರಿಯಿಲ್ಲದೆ ನೆಲದ ಮೇಲೆ ನಿಂತಿತು. ಮೊದಲು ಹಿಮ್ಮಡಿ, ಆಮೇಲೆ ಮೀನಖಂಡ. ಮೊಣಕಾಲಿನ ಹತ್ತಿರ ಬರುವಾಗ, ಕಿವಿಯೂ ಅದರಲ್ಲಿ ಮುಳುಗಲಿ ಅಂತ ನಾವಿಬ್ಬರೂ ಕುರ್ಚಿ ಬಿಟ್ಟು ನೆಲದ ಮೇಲಿನ ಹಾಸಿಗೆಗೆ ಇಳಿದು ಮಲಗಿದೆವು.

ಸುಗುಣ ಅಂಗಾತ ಮಲಗಿದ್ದಳು. ಕುದುರೆಗಳು ಬಂದವು. ಅವಳು ನನ್ನ ಮುಖ ನೋಡಲಿಲ್ಲ. ಎರಡೂ ಕೈ ಚಾಚಿ ಹಾಸಿಗೆಯ ಮೇಲೆ ಊರಿ ಕಣ್ಣರಳಿಸಿ ಪರದೆ ನೋಡುತ್ತಿದ್ದಳು. ಕಳ್ಳರ ಗುಹೆಯಲ್ಲಿ ಸಿಡಿಮದ್ದು ಸಿಡಿದಾಗ ಹೌಹಾರಿ ನನ್ನ ತೋಳು ಹಿಡಿದಳು. ಸಿನಿಮಾ ಮುಗಿದ ಮೇಲೆ, ಮಾತುಗಳು ಕೇಳಿಸಿದವಾ ಎಂದು ಸನ್ನೆಯಲ್ಲಿ ಕೇಳಿದೆ. ಇಲ್ಲ ಎಂದು ತಲೆಯಾಡಿಸಿದಳು. ಮಾತು ಬಾಯಿ ನೋಡಿದರೆ ಅರ್ಧ ತಿಳಿಯುತ್ತದೆ, ಉಳಿದದ್ದು ಊಹಿಸಬಹುದು ಎಂದಳು. "ಇಷ್ಟ್ ದಿನ ಗಾಜಿನ ಆಚೆ ಯಾರೋ ಓಡಾಡ್ತಿದ್ದಂಗಿತ್ತು. ಇವತ್ತು ಕುದುರೆ ನಮ್ಮನೆ ಒಳಗೇ ಬಂದ್ವು."

ಬಾಗಿಲು ತೆಗೆಯಲು ಎದ್ದವನು ನಾನು. ಲೋಡು ಎಳೆದು ಬಾಗಿಲು ತೆರೆದು, ಮಾಮೂಲಿನಂತೆ ಜಗಲಿಯಲ್ಲಿ ಕೂತೆ. ಆ ದಿನ ಹೊರಗೆ ಏನೂ ಆಗಲಿಲ್ಲ, ಹೊಸ್ತಿಲು ಎತ್ತರವಿದ್ದದ್ದರಿಂದ ಶಬ್ದ ಒಳಗೇ ಉಳಿದು ಬೆಳಗಿನ ಹೊತ್ತಿಗೆ ಇಂಗಿರಬೇಕು. ಹೀಗೇ ಕೆಲವು ಭಾನುವಾರಗಳು ಕಳೆದವು. ಸುಗುಣ ಮತ್ತೆ ನನಗಿಂತ ಮೊದಲು ನಗತೊಡಗಿದಳು. ಕ್ಲಾಸಿನ ಹುಡುಗಿಯರಿಗೆ ಸಿನಿಮಾ ಕಥೆ ಹೇಳುತ್ತಿದ್ದಳು. ಬೀಗಿಹೋದ ನಾನು ಹೊಸ್ತಿಲಿನ ಇಟ್ಟಿಗೆಗೆ ಸಿಮೆಂಟು ಹಾಕುವುದನ್ನು ಮುಂದೂಡುತ್ತಲೇ ಬಂದೆ. ಬರೀ ಮಣ್ಣಿನಲ್ಲಿ ಕಟ್ಟಿದ್ದೆ.

ಯುದ್ಧದ ಸಿನಿಮಾ ಹಾಕಿದ ಭಾನುವಾರ ಅದು. ಎರಡೂವರೆ ಗಂಟೆ ಫಿರಂಗಿ, ಆನೆ, ಕೋಟೆ ಬಾಗಿಲು ಒಡೆಯುವ ದಿಮ್ಮಿ. ಶಬ್ದ ಹಿಂದೆಂದೂ ಇಲ್ಲದಷ್ಟು ಏರಿ ಕಿಟಕಿಯ ಚೌಕಟ್ಟಿಗೆ ಮುಟ್ಟುತ್ತಿತ್ತು. ಸಂಜೆ ಬಿಸಿಲು ಇನ್ನೂ ಇದ್ದಾಗಲೇ ಸಿನಿಮಾ ಮುಗಿಯಿತು. ನಾನು ಬಾಗಿಲು ತೆರೆದೆ. ಮಣ್ಣು ಬಿರಿದು ಇಟ್ಟಿಗೆಯ ಸಾಲು ಪೂರ್ತಿ ಹೊರಕ್ಕೆ ಬಿತ್ತು, ಅದರ ಹಿಂದೆಯೇ ನಮ್ಮ ಮನೆಯಲ್ಲಿ ನಿಂತಿದ್ದದ್ದೆಲ್ಲ ಒಂದೇ ಸಲಕ್ಕೆ ಬೀದಿಗೆ ನುಗ್ಗಿತು. ನನಗೆ ಕಂಡದ್ದು ಇಷ್ಟೆ: ಮೇಲಿನಿಂದ ಕೆಳಗಿನವರೆಗೆ ಮನೆಗಳ ಮುಂದಿನ ಬಟ್ಟೆ ಒಣಹಾಕಿದ ತಂತಿಗಳು ಒಂದರ ಹಿಂದೊಂದು ಜಿಗಿದವು. ಕೊನೆಗೆ ಬೀದಿಯ ತುದಿಯಿಂದ ಪಾತ್ರೆಗಳು ಬೀಳುವ ಸದ್ದು, ತೆಳುವಾಗಿ, ನಮ್ಮವರೆಗೂ ಬಂತು. ಅದು ನಿಲ್ಲಲು ತುಂಬ ಹೊತ್ತು ಹಿಡಿಯಿತು.

ನಾನು ಕೆಳಗೋಡುವ ಹೊತ್ತಿಗೆ ರೇವಮ್ಮ ಮೇಡಂ ಬೀದಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಮೈಗೆ ಏನೂ ಆಗಿರಲಿಲ್ಲ. ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆಗಳೆಲ್ಲ ಕೆಳಗೆ ಬಂದಿದ್ದವು, ಅಡುಗೆಮನೆಯ ಗೂಡಿನ ಒಂದು ಕಡೆ ಕುಸಿದಿತ್ತು.  ಜನ ಸುತ್ತ ನೆರೆದು ಯಾರ ಮನೆಯದು, ಯಾರು ಹೇಳದೆ ಮಾಡಿದ್ದು ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಗಿರಣಿಯವನ ಮೇಲೆ ಒಬ್ಬರು, ಲಾರಿಯವರ ಮೇಲೆ ಇನ್ನೊಬ್ಬರು ಹಾಕಿದರು. ಹರಿದು ಬಂದ ಶಬ್ದಕ್ಕೆ ಗುರುತು ಇರುವುದಿಲ್ಲ. ಮೇಡಂ ಯಾರನ್ನೂ ಕೇಳಲಿಲ್ಲ.  ನಾನೇ ಎನ್ನಲು ಬಾಯಿ ತೆರೆದೆ. ಅದು ಸಿನಿಮಾ ಹುಚ್ಚು, ಬರೀ ಮಜಾಕ್ಕೆ ಮಾಡಿದ್ದು ಎಂದುಬಿಡುವುದು, ಬೈದರೆ ಬೈಸಿಕೊಳ್ಳುವುದು ಎಂದು ನಿರ್ಧರಿಸಿದ್ದೆ.

ಅಷ್ಟರಲ್ಲಿ ಹಿಂದಿನಿಂದ ಸುಗುಣ ಬಂದಳು. ಹಾದಿಯಲ್ಲಿ ಎದುರಾದವರು ಅವಳಿಗೆ, ಯಾರೋ ಹೇಳದೆ ಮಾಡಿದ್ದಾರಂತೆ ಎಂದಿರಬೇಕು. ನನ್ನನ್ನು ಒಂದು ಸಲ ನೋಡಿದಳು. ನಾನು ಸುಳ್ಳು ಹೇಳಿದ್ದೆ ಎನ್ನುವುದು ಆ ಒಂದು ನೋಟದಲ್ಲೇ ಅವಳಿಗೆ ತಿಳಿದುಹೋಯಿತು. ಯಾಕೆ ಹೇಳಿದ್ದೆ ಎನ್ನುವುದೂ ತಿಳಿಯಿತು ಎಂದು ಕಾಣುತ್ತದೆ. ಜನರನ್ನು ಸರಿಸಿ ಮೇಡಂ ಕುರ್ಚಿಯ ಮುಂದೆ ನೆಲದಲ್ಲಿ ಕುಕ್ಕರುಗಾಲಲ್ಲಿ ಕೂತಳು. ತನ್ನ ದನಿ ತನಗೇ ಸರಿಯಾಗಿ ಕೇಳದ್ದರಿಂದಲೋ ಏನೋ, ಬೇಕಾದ್ದಕ್ಕಿಂತ ಗಟ್ಟಿಯಾಗಿ ಮಾತಾಡಿದಳು.

"ನಮ್ಮನೇದು ಮೇಡಂ. ನನಗೆ ಕಿವಿ ಕೇಳಲ್ಲ. ದಪ್ಪ ಶಬ್ದ ಒಂದು ಬಿಟ್ರೆ ಬೇರೇನೂ ಕೇಳಲ್ಲ. ನಾನು ಸಿನಿಮಾ ನೋಡ್ಲಿ ಅಂತ ಇವ್ರು ಪೆಟ್ಟಿಗೆ ಮಾಡಿದ್ರು. ಯಾರಿಗೂ ಹೇಳ್ಬೇಡಿ ಅಂದಿದ್ದು ನಾನೇ."

ಗುಂಪಿನಲ್ಲಿ ಅವಳ ಕ್ಲಾಸಿನ ಹುಡುಗಿಯರು ಮೂವರಿದ್ದರು. ಒಬ್ಬಳು ತಲೆ ತಗ್ಗಿಸಿದಳು. ಇನ್ನೊಬ್ಬಳು ಬಂದು ಸುಗುಣನ ಪಕ್ಕದಲ್ಲಿ ತಾನೂ ಕೂತಳು.   ಮೇಡಂ ಬಾಯಿಯ ಚಲನೆ ಅವಳಿಗೆ ಕಾಣುವಂತೆ ಮುಂದೆ ಬಾಗಿ, ಪಾಠ ಮಾಡುವವರ ಹಾಗೆ ಬಿಡಿಸಿ ಬಿಡಿಸಿ ಕೇಳಿದರು.

"ಆ ಮೊದಲನೇ ಭಾನುವಾರ ಕುದುರೆ ಬಂದ್ವಲ್ಲ. ಅವು ಯಾರವು?"

ಸುಗುಣನಿಗೆ ಅರ್ಥವಾಗಲಿಲ್ಲ ಎಂದುಕೊಂಡು ನಾನು ಹತ್ತಿರ ಹೋದೆ. ಅರ್ಥವಾಗದೇ ಇದ್ದದ್ದು ನನಗೆ. ಆ ಭಾನುವಾರ ಸಂಜೆಯವರೆಗೂ ಕುದುರೆಗಳು ಮೇಡಂ ಅಂಗಳದಲ್ಲಿ ಓಡಿದ್ದವಂತೆ. ನಿಂತವು, ಮತ್ತೆ ಓಡಿದವು, ಆಮೇಲೆ ಏನೋ ಸಿಡಿಯಿತು, ಅಲ್ಲಿಗೆ ಎಲ್ಲ ನಿಂತುಹೋಯಿತು. ಕಥೆಯ ಕೆಳಗಿನ ಅರ್ಧ ಬಂದಿತ್ತು, ಮೇಲಿನ ಅರ್ಧ ಬರಲೇ ಇಲ್ಲ. ಅಂದಿನಿಂದ ಅವರಿಗೆ ಅದೇ ಯೋಚನೆ. ಸಿಡಿದಾಗ ಯಾರು ಸತ್ತರು, ಕುದುರೆ ಉಳಿದವಾ ಇಲ್ಲವಾ, ಕೇಳೋಣವೆಂದರೆ ಯಾರನ್ನು ಕೇಳುವುದು. ಊರವರ ಮದುವೆ, ಜಗಳ, ಗಿರಣಿ ಎಲ್ಲ ಅವರ ಮನೆಗೆ ಬರುತ್ತಿತ್ತು, ಆದರೆ ಆಮೇಲೆ ಏನಾಯಿತು ಎಂದು ಹೇಳಲು ಯಾರೂ ಬರುತ್ತಿರಲಿಲ್ಲ. ಮೊದಲು ಬಂದು ಎಲೆಯಡಿಕೆ ಕಟ್ಟೆಯ ಮೇಲಿಟ್ಟು, ಕಾರಣ ಹೇಳಿ ಹೋಗುತ್ತಿದ್ದರು, ಅಷ್ಟೆ.

ಸುಗುಣ ಅಲ್ಲೇ ಬೀದಿಯಲ್ಲಿ ಕೂತು ಕುದುರೆಯ ಕಥೆ ಹೇಳಿದಳು. ಸತ್ತದ್ದು ಕಳ್ಳರ ನಾಯಕ, ಕುದುರೆಗಳು ಉಳಿದವು ಎಂದಾಗ ಮೇಡಂ ಉಸಿರು ಬಿಟ್ಟರು. ನಾನೂ, ಗುಂಪಿನಲ್ಲಿದ್ದ ಮೌನೇಶಾಚಾರ್ರೂ ಒಳಗೆ ಹೋಗಿ ಪಾತ್ರೆಗಳನ್ನೆತ್ತಿ ಜೋಡಿಸತೊಡಗಿದೆವು. ಆಚಾರ್ರು ಕುಸಿದ ಗೂಡಿಗೆ ಆಸರೆಯ ಕೋಲು ಕೊಡುತ್ತ, ರಾಗಿ ಹಾಕಿಡೋ ಹಂಗಿದ್ದ ಪೆಟ್ಟಿಗೆಗೆ ನನ್ನ ಹತ್ರ ತೂತು ಕೊರೆಸಿ ಎಂಥಾ ಫಿರಂಗಿ ಮಾಡ್ಬಿಟ್ಟಿರಪ್ಪ ಎಂದು ಗೊಣಗಿದರು. ಗೊಣಗಿ, ತಾವೇ ನಕ್ಕರು.

ಪೆಟ್ಟಿಗೆಯನ್ನು ಕೆಳಗೆ ತನ್ನಿ ಎಂದು ಹೇಳಿಕಳುಹಿಸಿದ್ದು ಮೇಡಂ. ಹೇಗಿದ್ದರೂ ಕೊನೆಗೆ ಇಲ್ಲಿಗೇ ಬರುವುದು, ಬಿದ್ದು ಬರುವ ಬದಲು ನಡೆದು ಬರಲಿ ಎಂದರಂತೆ. ಮುಂದಿನ ಭಾನುವಾರ ಆಚಾರ್ರು, ನಾನು ಅದನ್ನು ಕೈಗಾಡಿಯಲ್ಲಿಟ್ಟು, ಇಳಿಜಾರಿನಲ್ಲಿ ಓಡಿಹೋಗದ ಹಾಗೆ ಹಿಂದಿನಿಂದ ಹಗ್ಗ ಹಿಡಿದು ಇಳಿಸಿದೆವು. ಟಿವಿಯೂ ಬಂತು. ಸುಗುಣನ ಹುಡುಗಿಯರು ಚಾಪೆ ಹಾಸಿದರು. ಈಗ ಅವರು ಅವಳಿಗೆ ಏನಾದರೂ ಹೇಳುವ ಮುಂಚೆ ಭುಜ ಮುಟ್ಟಿ ಎದುರಿಗೆ ಬಂದು ನಿಲ್ಲುತ್ತಿದ್ದರು. ಬೆನ್ನ ಹಿಂದೆ ಮಾತಾಡಿಕೊಂಡರೋ ಇಲ್ಲವೋ ಗೊತ್ತಿಲ್ಲ, ಎದುರಿಗೆ ಮಾತ್ರ ಹೀಗೆ. ಪೆಟ್ಟಿಗೆಯ ದನಿಯನ್ನು ಅಲ್ಲಿ ಕಾಲು ಭಾಗಕ್ಕೆ ಇಳಿಸಬೇಕಾಯಿತು. ಹೊಸ್ತಿಲೂ ಬೇಡ, ಲೋಡೂ ಬೇಡ. ಶಬ್ದ ತಾನಾಗಿ ನಿಂತು, ಕುರ್ಚಿಯ ಮೇಲೆ ಕೂತವರ ಕುತ್ತಿಗೆಯವರೆಗೂ ಇರುತ್ತಿತ್ತು.

ಸುಗುಣ ಮೊದಲ ಸಲ ಆ ಅಂಗಳಕ್ಕೆ ಕಾಲಿಟ್ಟಾಗ ನಡುವಿನಲ್ಲೇ ನಿಂತುಬಿಟ್ಟಳು. ಅವತ್ತು ಗಿರಣಿ ನಡೆಯುತ್ತಿತ್ತು. ಎಲ್ಲೋ ಒನಕೆ ಬಿದ್ದಿರಬೇಕು, ಒಂದು ಲಾರಿ ಹಿಂದೆ ಸರಿಯುತ್ತಿತ್ತು. ಅವಳು ಕಣ್ಣು ಮುಚ್ಚಿ ಒಂದೊಂದನ್ನೇ ಬೆರಳು ಮಡಚಿ ಗುರುತಿಸಿದಳು. ಮೇಡಂ ಪಕ್ಕದಲ್ಲಿ ನಿಂತು ಹೌದು, ಹೌದು ಎಂದು ತಲೆದೂಗುತ್ತಿದ್ದರು. ತಮ್ಮ ಮನೆಯನ್ನು ಹೀಗೆ ನೋಡಲು ಬಂದವರಲ್ಲಿ ಇವಳೇ ಮೊದಲು.

ಅವತ್ತು ಸಿನಿಮಾ ಮುಗಿದು, ಹುಡುಗಿಯರು ಹೊರಟು, ಆಚಾರ್ರೂ ಎದ್ದುಹೋದ ಮೇಲೆ ಮೇಡಂ ನಮಗಿಬ್ಬರಿಗೂ ಕಾಫಿ ತಂದಿಟ್ಟರು. ಸುಗುಣ ಬಾವಿಯ ಕಡೆ ಮುಖ ಮಾಡಿ ನಿಂತು ಇನ್ನೂ ಊರಿನ ಸದ್ದು ಕೇಳುತ್ತಿದ್ದಳು. ಬೆನ್ನು ನನ್ನ ಕಡೆಗಿತ್ತು. ಕೇಳಿಸುವುದಿಲ್ಲವೆಂದು ಗೊತ್ತಿದ್ದೂ ರೂಢಿಯ ಮೇಲೆ ಕೂಗಿದೆ.

"ಸುಗುಣಾ, ಕಾಫಿ ಆರೋಗ್ತೈತೆ, ಬಾ."

ಅವಳು ತಿರುಗಿದಳು. ನಾನು ಭುಜ ಮುಟ್ಟಿರಲಿಲ್ಲ, ಎದುರಿಗೆ ಬಂದಿರಲಿಲ್ಲ. ಯಾರು ಕರೆದದ್ದು ಎಂದು ಅಂಗಳದ ಸುತ್ತ ನೋಡಿ, ಕೊನೆಗೆ ನನ್ನ ಮೇಲೆ ಕಣ್ಣು ನಿಲ್ಲಿಸಿದಳು. ನನಗೂ ನನ್ನ ದನಿ ಬೇರೆಯವರದ್ದೆನ್ನುವಂತೆ ಕೇಳಿತ್ತು. ಎದೆಯೊಳಗಿಂದ ಬಂದು, ನೆಲಕ್ಕೆ ಬಿದ್ದು ಹರಿದುಹೋಗದೆ, ಅಲ್ಲೇ ನಮ್ಮಿಬ್ಬರ ನಡುವೆ ನಿಂತಿತ್ತು. ಮದುವೆಯಾದಾಗಿನಿಂದ ಟ್ಯಾಂಕಿನ ಪಕ್ಕದ ಮನೆಯಲ್ಲಿ ನಾನು ಆಡಿದ ಮಾತುಗಳಲ್ಲಿ ಅವಳ ಪಾಲಿಗೆ ಉಳಿಯುತ್ತಿದ್ದದ್ದು ತೆಳುವಾದ ಅರ್ಧ ಮಾತ್ರ.

ಸುಗುಣ ಹತ್ತಿರ ಬಂದು ಕಟ್ಟೆಯ ಮೇಲೆ ಕೂತಳು. ಮೇಡಂ ಏನೋ ಮರೆತವರ ಹಾಗೆ ಎದ್ದು ಅಡುಗೆಮನೆಗೆ ಹೋದರು.

"ಇನ್ನೊಂದ್ಸಲ ಹೇಳ್ರೀ," ಎಂದಳು ಸುಗುಣ.

"ಏನನ್ನ?"

"ಏನಾದ್ರೂ."

 ನಾಳೆ ಬರಬೇಕಾದ ಹತ್ತಿಯ ಮೂಟೆಯ ಬಗ್ಗೆ ಹೇಳತೊಡಗಿದೆ. ಅವಳು ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ನನ್ನ ಮುಖ ನೋಡದೆ, ಬಾವಿಯ ಕಡೆ ನೋಡುತ್ತಾ ಕೇಳುತ್ತಿದ್ದಳು.